ಕಿಲ್ವಾ ಜಿಲ್ಲೆಗೆ ಹೊರಡುವ ಮುನ್ನ: ಟಾಂಜಾನಿಯಾದ ದಕ್ಷಿಣ ಕರಾವಳಿಯಲ್ಲಿ ಐದು ದಿನ

ಟಾಂಜಾನಿಯಾದ ದಕ್ಷಿಣ ಕರಾವಳಿಯಲ್ಲಿ ಕಿಲ್ವಾ ಎಂಬ ಹೆಸರಿನ ಊರುಗಳು ಮೂರಿವೆ ಎಂಬುದನ್ನು ತಿಳಿಯದೆ ಬಸ್ಸಿನ ಟಿಕೆಟ್ ಕೊಂಡವರಿಗೆ ತೊಂದರೆ ಮೊದಲ ದಿನವೇ ಶುರುವಾಗುತ್ತದೆ. ಪುರಾತನ ನಗರದ ಅವಶೇಷಗಳಿರುವುದು ಕಿಲ್ವಾ ಕಿಸಿವಾನಿಯಲ್ಲಿ. ಸ್ವಾಹಿಲಿಯಲ್ಲಿ ಆ ಹೆಸರಿಗೆ ‘ದ್ವೀಪದಲ್ಲಿರುವ ಕಿಲ್ವಾ’ ಎಂದರ್ಥ. ಅದಕ್ಕೆ ಉತ್ತರದಲ್ಲಿ, ಮುಖ್ಯ ನೆಲದ ದಡದ ಮೇಲೆ, ಕಿಲ್ವಾ ಕಿವಿಂಜೆ ಇದೆ. ‘ಮ್ವಿಂಜೆ’ ಎಂದರೆ ನಮ್ಮ ಕರಾವಳಿಯವರು ಗಾಳಿಮರ ಎನ್ನುವ ಅದೇ ಮರ. ದ್ವೀಪಕ್ಕೆ ಎದುರಾಗಿ ಕಡಲಿಗೆ ಚಾಚಿಕೊಂಡ ನೆಲದ ತುದಿಯಲ್ಲಿರುವುದು ಕಿಲ್ವಾ ಮಸೋಕೊ, ಅಂದರೆ ಸಂತೆಪೇಟೆಯ ಕಿಲ್ವಾ. ಜಿಲ್ಲಾಡಳಿತದ ಕಚೇರಿ, ಬ್ಯಾಂಕು, ವಸತಿಗೃಹಗಳು ಮತ್ತು ದ್ವೀಪಕ್ಕೆ ಹೋಗುವ ದೋಣಿಗಳು ಇರುವುದು ಇಲ್ಲಿಯೇ. ಟಿಕೆಟ್ ಕೊಳ್ಳುವಾಗ ಬರಿಯ ‘ಕಿಲ್ವಾ’ ಎನ್ನದೆ ‘ಮಸೋಕೊ’ ಎಂದು ಒತ್ತಿ ಹೇಳಬೇಕು. ಇಲ್ಲದಿದ್ದರೆ ಲಿಂಡಿ ಕಡೆಗೆ ಹೋಗುವ ಬಸ್ಸು ನಿಮ್ಮನ್ನು ನಂಗುರುಕುರು ಎಂಬ ಕೂಡುರಸ್ತೆಯಲ್ಲಿ ಇಳಿಸಿ ಮುಂದಕ್ಕೆ ಹೋಗುತ್ತದೆ, ಅಲ್ಲಿಂದ ಮಸೋಕೊಗೆ ಇನ್ನೂ ಸುಮಾರು ಮೂವತ್ತು ಕಿಲೋಮೀಟರು ಉಳಿದಿರುತ್ತದೆ.

ನಾನು ಉದ್ಯೋಗ ನಿಮಿತ್ತ ದಾರ್ ಎಸ್ ಸಲಾಮಿನಲ್ಲಿದ್ದಾಗ, ಹೊನ್ನಾವರದಿಂದ ನಮ್ಮನ್ನು ನೋಡಲು ಬಂದಿದ್ದ ಭಾವನವರ ಜೊತೆ ಈ ಪ್ರವಾಸ ಮಾಡಿದೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅವರು ಸಿಂಹ, ಜಿರಾಫೆಗಳಿಗಿಂತ ಹಳೆಯ ಗೋಡೆಗಳನ್ನು ನೋಡುವುದರಲ್ಲಿ ಹೆಚ್ಚು ಆಸಕ್ತಿ ಉಳ್ಳವರು. ಸೆರೆಂಗೆಟಿಗೆ ಹೋಗೋಣವೆಂದು ನಾನು ಹೇಳಿದಾಗ, ‘ಅದನ್ನು ಟೀವಿಯಲ್ಲಿ ನೋಡಿದ್ದೇನೆ ಮಾರಾಯಾ, ಇಬ್ನ್ ಬತೂತ ಹೋದ ಊರು ಇಲ್ಲೇ ಹತ್ತಿರದಲ್ಲಿದೆಯಂತಲ್ಲ’ ಎಂದರು. ಮೊರಾಕೊದ ಆ ಪ್ರವಾಸಿ ಹದಿನಾಲ್ಕನೆಯ ಶತಮಾನದಲ್ಲಿ ಕಂಡ ಕಿಲ್ವಾ ಹತ್ತಿರವೇನಲ್ಲ, ಮುನ್ನೂರು ಕಿಲೋಮೀಟರಿಗೂ ಹೆಚ್ಚು.

ಹೊರಡುವ ಕಾಲದ ಬಗ್ಗೆ ಮೊದಲು ಹೇಳುತ್ತೇನೆ. ಮಾರ್ಚಿನಿಂದ ಮೇ ತಿಂಗಳವರೆಗಿನ ದೊಡ್ಡ ಮಳೆಗೆ ಅಲ್ಲಿನವರು ಮಸೀಕಾ ಎನ್ನುತ್ತಾರೆ; ಆಗ ಈ ಜಿಲ್ಲೆಗೆ ಹೋಗಬೇಡಿ. ರುಫಿಜಿ ನದಿಯ ಬಯಲಿನಲ್ಲಿಯೂ ಅದರ ದಕ್ಷಿಣದ ಸಣ್ಣ ಹೊಳೆಗಳಲ್ಲಿಯೂ ನೆರೆ ಬಂದರೆ ದಾರಿಯೇ ಕಡಿದುಹೋಗುವುದುಂಟು. 2024ರ ಮಳೆಗಾಲದಲ್ಲಿ, ಹಿದಾಯಾ ಚಂಡಮಾರುತ ಬಂದುಹೋದ ದಿನಗಳಲ್ಲಿ, ಸೋಮಂಗಾದ ಆಸುಪಾಸಿನಲ್ಲಿ ಹೆದ್ದಾರಿ ಕೊಚ್ಚಿಹೋಗಿ ದಕ್ಷಿಣದ ಜಿಲ್ಲೆಗಳ ಸಂಪರ್ಕವೇ ತಪ್ಪಿತ್ತು. ಜೂನಿನಿಂದ ಅಕ್ಟೋಬರದವರೆಗೆ ನೆಲದ ಮೇಲಿನ ಪ್ರಯಾಣಕ್ಕೆ ಒಳ್ಳೆಯ ಕಾಲ. ಆದರೆ ಅದೇ ತಿಂಗಳುಗಳಲ್ಲಿ ದಕ್ಷಿಣದಿಂದ ಬೀಸುವ ‘ಕೂಸಿ’ ಗಾಳಿ ಮಧ್ಯಾಹ್ನದ ಹೊತ್ತಿಗೆ ಕಡಲನ್ನು ಕದಡುವುದರಿಂದ ದೋಣಿಯ ಕೆಲಸವನ್ನೆಲ್ಲ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಬೇಕು. ಇನ್ನೊಂದು ಮಾತು: ಕರಾವಳಿಯ ಬಹುತೇಕರು ಮುಸ್ಲಿಮರಾದ ಕಾರಣ ರಂಜಾನ್ ತಿಂಗಳಿನಲ್ಲಿ ಹಗಲು ಹೊತ್ತು ಊಟದ ಅಂಗಡಿಗಳು ಮುಚ್ಚಿರುತ್ತವೆ. ದಿನಾಂಕ ಗೊತ್ತುಮಾಡುವ ಮೊದಲು ಅದನ್ನೂ ನೋಡಿಕೊಳ್ಳುವುದು ಲೇಸು.

ನಾವು ಮಾಡಿದ ಮೊದಲ ತಪ್ಪು ಗಡಿಯಾರದ್ದು. ಸ್ವಾಹಿಲಿ ಲೆಕ್ಕದಲ್ಲಿ ಹಗಲಿನ ಗಂಟೆಗಳ ಎಣಿಕೆ ಆರಂಭವಾಗುವುದು ಸೂರ್ಯೋದಯದಿಂದ. ನಾವು ಏಳು ಗಂಟೆ ಎನ್ನುವುದು ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ಪಂಚಾಂಗದವರಿಗೆ ಇದು ವಿಚಿತ್ರವೆನಿಸಬಾರದು, ಆದರೆ ದಾರ್ ನಗರದಲ್ಲಿ ವರ್ಷಗಟ್ಟಲೆ ಇದ್ದೂ ನಾನು ಆ ದಿನ ಎಡವಿದೆ. ಟಿಕೆಟ್ಟಿನ ಮೇಲೆ ಕೈಬರಹದಲ್ಲಿ 12 ಎಂದಿದ್ದುದನ್ನು ಮಧ್ಯಾಹ್ನವೆಂದು ತಿಳಿದು ಹನ್ನೊಂದೂವರೆಗೆ ಎಂಬಗಾಲದ ನಿಲ್ದಾಣಕ್ಕೆ ಹೋದರೆ, ಬಸ್ಸು ಬೆಳಗ್ಗೆ ಆರಕ್ಕೇ ಹೊರಟುಹೋಗಿತ್ತು. ಹಣ ಹಿಂದಿರುಗಲಿಲ್ಲ. ಮಾರನೆಯ ದಿನ ಹೊಸ ಟಿಕೆಟ್ ಕೊಂಡು ಹೋದೆವು. ಆದ್ದರಿಂದ ಯಾವ ಹೊತ್ತನ್ನು ಕೇಳಿದರೂ ‘ಅಸುಬುಹಿ’ಯೋ (ಬೆಳಗ್ಗೆ) ‘ಮ್ಚಾನಾ’ವೋ (ಹಗಲು) ಎಂದು ಮರಳಿ ಕೇಳಿ, ಸಾಧ್ಯವಾದರೆ ಸೂರ್ಯ ಎಲ್ಲಿರುತ್ತಾನೆ ಎಂದು ಕೈಯಲ್ಲಿ ತೋರಿಸಿ ಖಚಿತಪಡಿಸಿಕೊಳ್ಳಿ. ದೋಣಿಯವರ ಜೊತೆ ಮಾತನಾಡುವಾಗ ಇದು ಇನ್ನೂ ಮುಖ್ಯ.

ದಾರಿ ಈಗ ಪೂರ್ತಿ ಡಾಂಬರಿನದು. ದಾರ್‌ನಿಂದ ಮೂರು ತಾಸು ಹೋದ ಮೇಲೆ ಇಕ್ವಿರಿರಿ ಪಟ್ಟಣ, ಅದರಾಚೆ ರುಫಿಜಿ ನದಿಯ ಮೇಲೆ 2003ರಲ್ಲಿ ತೆರೆದ ಎಂಕಾಪಾ ಸೇತುವೆ ಬರುತ್ತದೆ. ಅದಕ್ಕಿಂತ ಮೊದಲು ಇಲ್ಲಿ ವಾಹನಗಳನ್ನು ಹೇರಿಕೊಂಡು ದಾಟಿಸುವ ಜಂಗಲ್ ಇತ್ತು. ಮಳೆಗಾಲದಲ್ಲಿ ಲಾರಿಗಳು ದಿನಗಟ್ಟಲೆ ದಡದಲ್ಲಿ ಕಾಯುತ್ತಿದ್ದವು. ಸೇತುವೆ ಆದ ಮೇಲೆಯೂ ಎನ್‌ದುಂಡುವಿನಿಂದ ಸೋಮಂಗಾವರೆಗಿನ ಅರುವತ್ತು ಕಿಲೋಮೀಟರು ಬಹು ಕಾಲ ಕೆಸರಿನ ಹಾದಿಯಾಗಿಯೇ ಉಳಿದಿತ್ತು. ದೇಶದ ಉತ್ತರಕ್ಕೆ ಪ್ರವಾಸಿಗರು ಸಾಲುಗಟ್ಟಿ ಹೋಗುವಾಗ ದಕ್ಷಿಣದ ಈ ಜಿಲ್ಲೆ ಮರೆವಿಗೆ ಸಂದದ್ದಕ್ಕೆ ರಸ್ತೆಯೇ ದೊಡ್ಡ ಕಾರಣ ಎಂಬುದು ನನ್ನ ಎಣಿಕೆ. ಬಸ್ಸಿನಲ್ಲಿ ನಮಗೆ ಒಟ್ಟು ಆರೂವರೆ ತಾಸು ಹಿಡಿಯಿತು.

ಸೋಮಂಗಾ ದಾಟಿದ ಮೇಲೆ ಕಾಣುವ ನೋಟವೇ ಜಿಲ್ಲೆಯ ಭೂಗೋಳವನ್ನು ಹೇಳುತ್ತದೆ. ಎಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪಿನಗದ್ದೆ, ತೆಂಗು. ಬಲಕ್ಕೆ ಮಟುಂಬಿ ಬೆಟ್ಟಗಳು. ಅವುಗಳ ಹಿಂದೆ ಪಶ್ಚಿಮದ ಲಿವಾಲೆ ಜಿಲ್ಲೆಯವರೆಗೆ ಹರಡಿದ, ಬೇಸಗೆಯಲ್ಲಿ ಎಲೆಯುದುರಿಸುವ ಮಿಯೊಂಬೊ ಕಾಡು. ಉತ್ತರಕ್ಕೆ ರುಫಿಜಿ ಸೀಮೆ, ದಕ್ಷಿಣಕ್ಕೆ ಲಿಂಡಿ. ಪಶ್ಚಿಮದ ಕಾಡಿನಿಂದ ಹರಿದು ಬರುವ ಮಟಂಡು ಹೊಳೆ ಕಿವಿಂಜೆಯ ಸಮೀಪ ಕಡಲು ಸೇರುತ್ತದೆ. ಜಿಲ್ಲೆಯ ವಿಸ್ತೀರ್ಣ 13 ಸಾವಿರ ಚದರ ಕಿಲೋಮೀಟರಿಗೂ ಮಿಗಿಲು, ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ದೊಡ್ಡದು. ಜನಸಂಖ್ಯೆಯಾದರೋ 2022ರ ಗಣತಿಯಲ್ಲಿ 2,97,676 ಮಾತ್ರ. ಉತ್ತರ ಕನ್ನಡದಲ್ಲಿ 2011ರಲ್ಲಿಯೇ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದರು. ಚದರ ಕಿಲೋಮೀಟರಿಗೆ ಇಪ್ಪತ್ತೆರಡು ಜನರಿರುವ ಜಿಲ್ಲೆಯಲ್ಲಿ ಪ್ರಯಾಣ ಮಾಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಕೂಡಲೇ ಮನಸ್ಸಿಗೆ ಬರುವುದಿಲ್ಲ. ಮುಖ್ಯ ರಸ್ತೆಯನ್ನು ಬಿಟ್ಟು ಒಳಗೆ ಹೋದರೆ ಒಂದು ಊರಿನಿಂದ ಇನ್ನೊಂದಕ್ಕೆ ಚಹಾ ಅಂಗಡಿಯೂ, ಪೆಟ್ರೋಲೂ, ಮೊಬೈಲ್ ಸಂಪರ್ಕವೂ ಇಲ್ಲದ ಇಪ್ಪತ್ತು ಮೂವತ್ತು ಕಿಲೋಮೀಟರು ಸಿಗುತ್ತದೆ. ನೀರು, ಬಾಳೆಹಣ್ಣು, ಬಿಸ್ಕತ್ತು ಯಾವಾಗಲೂ ಚೀಲದಲ್ಲಿರಲಿ.

ಈ ಅಂಕಿಗಳಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. 2012ರಲ್ಲಿ ಇದೇ ಜಿಲ್ಲೆಯ ಜನಸಂಖ್ಯೆ 1,90,744 ಇತ್ತು. ಹತ್ತು ವರ್ಷಗಳಲ್ಲಿ ಅರ್ಧದಷ್ಟಕ್ಕಿಂತ ಹೆಚ್ಚಿನ ಏರಿಕೆ. ಇದು ಹುಟ್ಟಿನಿಂದಷ್ಟೇ ಆಗುವ ಏರಿಕೆಯಲ್ಲ. ದೇಶದ ನೈರುತ್ಯದ ಉಸಂಗು ಬಯಲಿನಿಂದ 2006–07ರಲ್ಲಿ ಸರಕಾರ ದನಗಾಹಿಗಳನ್ನು ಎಬ್ಬಿಸಿದಾಗ ಅವರಲ್ಲಿ ಅನೇಕರನ್ನು ಲಿಂಡಿ, ಕಿಲ್ವಾಗಳ ಕಡೆಗೆ ಕಳುಹಿಸಲಾಯಿತು; ಅವರ ಹಿಂದೆ ಸುಕುಮಾ, ಬರಬೈಗ್, ಮಸಾಯಿ ಜನರು ದನಗಳೊಂದಿಗೆ ಬರುತ್ತಲೇ ಇದ್ದಾರೆ. ಅಲ್ಲಿಯವರೆಗೆ ಇಲ್ಲಿನ ಮೂಲನಿವಾಸಿಗಳಾದ ಮಟುಂಬಿ, ಎನ್‌ಗಿಂಡೊ, ಮ್ವೇರಾ, ಮಚಿಂಗಾ ಜನರು ಬೇಸಾಯ ಮತ್ತು ಮೀನುಗಾರಿಕೆಯಿಂದ ಬದುಕಿದವರು; ದನ ಸಾಕಣೆಯ ರೂಢಿ ಅವರಲ್ಲಿ ವಿಶೇಷವಾಗಿ ಇರಲಿಲ್ಲ. ಹೀಗಾಗಿ ಎಳ್ಳಿನ ಹೊಲಕ್ಕೆ ದನ ನುಗ್ಗಿತೆಂಬ ಜಗಳಗಳು ಈಗ ಸಾಮಾನ್ಯ. ದಾರಿಯಲ್ಲಿ ದನದ ಹಿಂಡಿನ ಚಿತ್ರ ತೆಗೆಯುವ ಮೊದಲು ಕಾಯುವವರನ್ನು ಕೇಳಿ. ಚಿತ್ರ ತೆಗೆಯುವವರನ್ನು ಈ ಜಗಳದಲ್ಲಿ ಯಾವುದೋ ಒಂದು ಕಡೆಯ ಪರವಾಗಿ ಬಂದವರೆಂದು ಅನುಮಾನಿಸುವುದು ನಮಗೇ ಅನುಭವಕ್ಕೆ ಬಂತು.

ಮಸೋಕೊದಲ್ಲಿ ಎರಡು ಬಗೆಯ ವಸತಿಗಳಿವೆ: ಕಡಲ ದಡದಲ್ಲಿ ವಿದೇಶೀಯರಿಗೆಂದೇ ಕಟ್ಟಿದ ಕೆಲವು ತಂಗುದಾಣಗಳು, ಪೇಟೆಯಲ್ಲಿ ‘ಗೆಸ್ತಿ’ ಎಂದು ಕರೆಯುವ ಸಾಧಾರಣ ವಸತಿಗೃಹಗಳು. ನಾವು ಎರಡನೆಯದರಲ್ಲಿ ಇಳಿದುಕೊಂಡೆವು. ಸೊಳ್ಳೆಪರದೆ ಹರಿದಿಲ್ಲವೆಂದು ನೋಡಿಯೇ ಕೋಣೆಯನ್ನು ಒಪ್ಪಿಕೊಳ್ಳಿ. ಮಲೇರಿಯಾ ಇಲ್ಲಿ ಪುಸ್ತಕದ ಮಾತಲ್ಲ, ಹೊರಡುವ ಮೊದಲೇ ವೈದ್ಯರನ್ನು ಕಂಡು ತಡೆಗುಳಿಗೆ ತೆಗೆದುಕೊಳ್ಳಬೇಕು. ಊರೊಳಗೆ ತಿರುಗಲು ಬಾಡಿಗೆ ಬೈಕುಗಳಾದ ಬೋಡಾಬೋಡಾಗಳೂ, ಮೂರು ಚಕ್ರದ ಆಟೊಗಳೂ ಸಿಗುತ್ತವೆ. ಆಟೊಗೆ ಅಲ್ಲಿನ ಹೆಸರೇ ‘ಬಜಾಜಿ’.

ದ್ವೀಪಕ್ಕೆ ಹೋಗಲು ಪರವಾನಗಿ ಬೇಕು. ಮಸೋಕೊದಲ್ಲಿರುವ ಸಂಬಂಧಪಟ್ಟ ಕಚೇರಿಗೆ ಹಿಂದಿನ ದಿನವೇ ಹೋಗಿ, ಪಾಸ್‌ಪೋರ್ಟ್ ತೋರಿಸಿ, ಶುಲ್ಕ ಕಟ್ಟಿ ಚೀಟಿ ಪಡೆಯಬೇಕು. ಸರಕಾರಿ ಶುಲ್ಕವನ್ನು ನಗದಾಗಿ ಪಡೆಯದೆ, ಅವರು ಕೊಡುವ ಸಂಖ್ಯೆಗೆ ಮೊಬೈಲಿನಿಂದಲೋ ಬ್ಯಾಂಕಿನಿಂದಲೋ ಕಟ್ಟಿಸಿಕೊಳ್ಳುವ ಪದ್ಧತಿ ಇರುವುದರಿಂದ ಸ್ಥಳೀಯ ಸಿಮ್ ಹಾಕಿಸಿ ಅದರಲ್ಲಿ ಸ್ವಲ್ಪ ಹಣ ತುಂಬಿಸಿಟ್ಟರೆ ಅರ್ಧ ದಿನ ಉಳಿಯುತ್ತದೆ. ಮಾರ್ಗದರ್ಶಕರನ್ನು ಕರೆದುಕೊಂಡೇ ಹೋಗಿ. ದ್ವೀಪದಲ್ಲಿ ಬರೆದಿಟ್ಟ ಫಲಕಗಳು ಕಡಿಮೆ, ಪೊದೆಗಳ ನಡುವೆ ಗೋಡೆ ಎಲ್ಲಿ ಮುಗಿಯಿತು, ಬಾವಿ ಎಲ್ಲಿ ಬಾಯ್ದೆರೆದಿದೆ ಎಂಬುದು ಅವರಿಗೇ ಗೊತ್ತು. ಹಾಯಿದೋಣಿಯಲ್ಲಿ ಹೋದರೆ ಅಗ್ಗ, ಮೋಟಾರು ದೋಣಿಯಲ್ಲಿ ಹೋದರೆ ಬೇಗ. ನಡುವಿನ ಕಡಲು ಎರಡು ಕಿಲೋಮೀಟರಿನಷ್ಟೇ ಆದ್ದರಿಂದ ನಾವು ಹಾಯಿದೋಣಿಯನ್ನು ಆರಿಸಿಕೊಂಡೆವು.

ದೋಣಿಯಿಂದ ಇಳಿಯುವಲ್ಲಿಯೇ ಕಾಣುವ ಕೋಟೆಗೆ ‘ಗೆರೆಝಾ’ ಎಂದು ಹೆಸರು. ಇಂದು ಸ್ವಾಹಿಲಿಯಲ್ಲಿ ಆ ಮಾತಿಗೆ ಸೆರೆಮನೆ ಎಂಬ ಅರ್ಥ. ಮೂಲದಲ್ಲಿ ಅದು ಪೋರ್ಚುಗೀಸರ ‘ಇಗ್ರೇಜಾ’, ನಮ್ಮ ಕರಾವಳಿಯಲ್ಲಿ ಇಗರ್ಜಿ ಆದ ಮಾತೇ. ಒಂದು ದಡದಲ್ಲಿ ದೇವರ ಮನೆಯಾಗಿಯೇ ಉಳಿದ ಶಬ್ದ ಇನ್ನೊಂದು ದಡದಲ್ಲಿ ಜೈಲು ಆದದ್ದನ್ನು ಕೇಳಿ ಭಾವನವರು ಬಹಳ ಹೊತ್ತು ನಕ್ಕರು. ಈಗ ನಿಂತಿರುವ ಕಟ್ಟಡ ಬಹುಮಟ್ಟಿಗೆ ಒಮಾನಿ ಅರಬರ ಕಾಲದ್ದು. ಅದರ ಅಡಿಯಲ್ಲಿ ಪೋರ್ಚುಗೀಸರು 1505ರಲ್ಲಿ ಕಟ್ಟಿಸಿದ ಕೋಟೆಯ ಅವಶೇಷಗಳಿವೆ.

ಆ 1505ರ ಕಥೆ ಉತ್ತರ ಕನ್ನಡದವರಿಗೆ ಪರಕೀಯವಲ್ಲ. ಪೋರ್ಚುಗೀಸರ ಮೊದಲ ವೈಸರಾಯ್ ಆಗಿ ಹೊರಟ ಫ್ರಾನ್ಸಿಸ್ಕೊ ದ ಅಲ್ಮೇಡಾ ಆ ವರ್ಷದ ಜುಲೈನಲ್ಲಿ ಕಿಲ್ವಾವನ್ನು ಸೂರೆಮಾಡಿ, ತನಗೆ ಬೇಕಾದವನನ್ನು ಗದ್ದುಗೆಯಲ್ಲಿ ಕೂರಿಸಿ, ಕೋಟೆಯ ಕೆಲಸ ಶುರುಮಾಡಿಸಿದ. ಬಳಿಕ ಮೊಂಬಾಸಾವನ್ನು ಸುಟ್ಟು, ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಅಲ್ಲಿಯೂ ಕೋಟೆಗೆ ಕೈಹಾಕಿದ. ಅಕ್ಟೋಬರದಲ್ಲಿ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. ಮೂರು ತಿಂಗಳಲ್ಲಿ ಒಂದೇ ಹಡಗುಪಡೆ ಮಾಡಿದ ಕೆಲಸ ಇದು. ಅಂಜದೀವಕ್ಕೆ ಇಂದು ನೌಕಾನೆಲೆಯ ಕಾರಣದಿಂದ ಸಾಮಾನ್ಯರು ಹೋಗುವಂತಿಲ್ಲ. ಅದೇ ಕಥೆಯ ಹಿಂದಿನ ಅಧ್ಯಾಯ ನಡೆದ ಸ್ಥಳವನ್ನು ಕಿಲ್ವಾದಲ್ಲಿ ನಡೆದಾಡಿ ನೋಡಬಹುದು. ಇದಕ್ಕೂ ಮೊದಲು, 1502ರಲ್ಲಿ, ವಾಸ್ಕೊ ಡ ಗಾಮಾ ಇಲ್ಲಿನ ಅರಸನನ್ನು ಹೆದರಿಸಿ ಕಪ್ಪವಾಗಿ ಪಡೆದ ಚಿನ್ನದಿಂದ 1506ರಲ್ಲಿ ಮಾಡಿಸಿದ ಬೆಲೆಂ ಇಗರ್ಜಿಯ ಪೂಜಾಪಾತ್ರೆ ಇಂದಿಗೂ ಲಿಸ್ಬನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಕಿಲ್ವಾದ ಚಿನ್ನವನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. 1512ರಲ್ಲಿ ಪೋರ್ಚುಗೀಸರು ಇಲ್ಲಿನ ಕೋಟೆಯನ್ನು ಬಿಟ್ಟು ಹೋದರು, ಏಕೆಂದರೆ ಚಿನ್ನ ಬರುವ ದಾರಿಯನ್ನು ದಕ್ಷಿಣದಲ್ಲಿ, ಇಂದಿನ ಮೊಜಾಂಬಿಕ್ ಕರಾವಳಿಯ ಸೊಫಾಲಾ ಬಂದರಿನಲ್ಲಿಯೇ ಹಿಡಿದುಕೊಂಡ ಮೇಲೆ ಕಿಲ್ವಾದಿಂದ ಅವರಿಗೆ ಆಗಬೇಕಾದ್ದು ಏನೂ ಉಳಿದಿರಲಿಲ್ಲ.

ಈ ಸಣ್ಣ ದ್ವೀಪಕ್ಕೆ ಅಷ್ಟು ಚಿನ್ನ ಹೇಗೆ ಬಂತೆಂಬುದಕ್ಕೆ ಗಾಳಿಯೇ ಉತ್ತರ. ಗುಜರಾತಿನಿಂದಲೂ ಅರಬ್ ದೇಶದಿಂದಲೂ ಈಶಾನ್ಯದ ಗಾಳಿ ಹಿಡಿದು ಬಂದ ಹಡಗು ಅದೇ ವರ್ಷ ಮರಳಬೇಕಾದರೆ ಕಿಲ್ವಾಕ್ಕಿಂತ ದಕ್ಷಿಣಕ್ಕೆ ಹೋಗುವುದು ಕಷ್ಟವಾಗಿತ್ತು. ಜಿಂಬಾಬ್ವೆಯ ಒಳನಾಡಿನ ಚಿನ್ನ ಸೊಫಾಲಾಕ್ಕೆ ಇಳಿದು, ಅಲ್ಲಿಂದ ಕಿಲ್ವಾದವರ ದೋಣಿಗಳಲ್ಲಿ ಇಲ್ಲಿಗೆ ಬಂದು, ಇಲ್ಲಿ ಬಟ್ಟೆ, ಮಣಿ, ಚೀನೀ ಪಿಂಗಾಣಿಗಳಿಗೆ ಬದಲಾಗುತ್ತಿತ್ತು. ಕಿಲ್ವಾದ ಸುಲ್ತಾನರು ತಮ್ಮದೇ ತಾಮ್ರದ ನಾಣ್ಯಗಳನ್ನು ಟಂಕಿಸಿದರು. ಒಂದು ಮುಖದ ಬರಹಕ್ಕೆ ಇನ್ನೊಂದು ಮುಖದ ಬರಹ ಪ್ರಾಸವಾಗಿ ಕೂಡುವಂತೆ ಬರೆಸಿದ ನಾಣ್ಯಗಳವು. ಅವುಗಳಲ್ಲಿ ಒಂದು ಒಳನಾಡಿನ ಪುರಾತನ ಕಲ್ಲಿನ ನಗರವಾದ ಗ್ರೇಟ್ ಜಿಂಬಾಬ್ವೆಯಲ್ಲಿ ಸಿಕ್ಕಿದೆ, ಕೆಲವು 1944ರಲ್ಲಿ ಆಸ್ಟ್ರೇಲಿಯಾದ ಉತ್ತರದ ವೆಸೆಲ್ ದ್ವೀಪಗಳಲ್ಲಿಯೂ ಸಿಕ್ಕವು.

ದೊಡ್ಡ ಮಸೀದಿಗೆ ಕನಿಷ್ಠ ಒಂದು ತಾಸು ಕೊಡಿ. ಉತ್ತರದ ಹಳೆಯ ಭಾಗ ಹನ್ನೊಂದು–ಹನ್ನೆರಡನೆಯ ಶತಮಾನದ್ದು. ದಕ್ಷಿಣಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಸೇರಿಸಿದ ದೊಡ್ಡ ಭಾಗ ಒಮ್ಮೆ ಕುಸಿದು, ಮುಂದಿನ ಶತಮಾನದಲ್ಲಿ ಮರಳಿ ಕಟ್ಟಲ್ಪಟ್ಟಿದೆ. ಕಲ್ಲೆಲ್ಲ ಹವಳದ್ದು, ಗಾರೆಯೂ ಹವಳವನ್ನೇ ಸುಟ್ಟು ಮಾಡಿದ ಸುಣ್ಣ. ಕಂಬಗಳ ಮೇಲೆ ಸಾಲಾಗಿ ನಿಂತ ಗುಮ್ಮಟಗಳ ಕೆಳಗೆ ಬೆಳಗಿನ ಎಂಟು ಗಂಟೆಯ ಬಿಸಿಲು ಓರೆಯಾಗಿ ಬರುತ್ತದೆ. ಹನ್ನೊಂದರ ಮೇಲೆ ಹೋದರೆ ಆ ನೆರಳು-ಬೆಳಕು ಸಿಗುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ಹುಸುನಿ ಕುಬ್ವಾ ಅರಮನೆ. ಸುಲ್ತಾನ್ ಅಲ್-ಹಸನ್ ಬಿನ್ ಸುಲೈಮಾನ್ ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಲು ಆರಂಭಿಸಿ, ಪೂರ್ತಿ ಮುಗಿಸದೆ ಹೋದ, ನೂರಕ್ಕೂ ಮಿಕ್ಕಿ ಕೋಣೆಗಳ ಅರಮನೆ ಇದು. ಕಡಲಂಚಿನ ದಿಬ್ಬದ ಮೇಲಿರುವ ಅದರ ಎಂಟು ಮೂಲೆಗಳ ಸ್ನಾನದ ಕೊಳವನ್ನು ನೋಡಿ, ‘ಇಷ್ಟು ಕಟ್ಟಲು ಸಿಹಿನೀರು ಎಲ್ಲಿಂದ ತರುತ್ತಿದ್ದರೋ’ ಎಂಬುದೇ ಭಾವನವರ ಮೊದಲ ಪ್ರಶ್ನೆ. ತುಂಬಲು ಆಳುಗಳು ಬಾವಿಯಿಂದ ಹೊತ್ತು ತಂದಿರಬೇಕು ಎಂದಷ್ಟೇ ಮಾರ್ಗದರ್ಶಕರು ಹೇಳಿದರು.

ಇದೇ ಸುಲ್ತಾನನ ಕಾಲದಲ್ಲಿ, 1331ರಲ್ಲಿ, ಇಬ್ನ್ ಬತೂತ ಇಲ್ಲಿಗೆ ಬಂದ. ದಾನಿಯಾದ ಆ ಸುಲ್ತಾನನನ್ನು ಜನರು ಅಬುಲ್ ಮವಾಹಿಬ್, ಎಂದರೆ ಕೊಡುಗೆಗಳ ತಂದೆ, ಎನ್ನುತ್ತಿದ್ದರೆಂದು ಬರೆದಿದ್ದಾನೆ. ಕಿಲ್ವಾವನ್ನು ಸುಂದರವಾದ, ಚೆನ್ನಾಗಿ ಕಟ್ಟಿದ ನಗರಗಳಲ್ಲಿ ಒಂದೆಂದು ಹೊಗಳಿದ್ದಾನೆ. ಸುಮಾರು ಹತ್ತು ವರ್ಷಗಳ ಮೇಲೆ ಅವನೇ ಹೊನ್ನಾವರಕ್ಕೂ ಬಂದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಕಿಲ್ವಾದ ಮನೆಗಳೆಲ್ಲ ಮರದವೆಂದು ಅವನು ಬರೆದಿದ್ದರೆ ನಮ್ಮ ಕಣ್ಣೆದುರಿಗೆ ಇರುವುದೆಲ್ಲ ಕಲ್ಲು. ಅರಸರ, ವರ್ತಕರ ಕಟ್ಟಡಗಳು ಮಾತ್ರ ಕಲ್ಲಿನವಾಗಿದ್ದು, ಊರವರ ಮನೆಗಳು ಮರ, ಮಣ್ಣು, ತೆಂಗಿನ ಗರಿಯವಾಗಿದ್ದಿರಬಹುದೆಂದು ನನಗನ್ನಿಸುತ್ತದೆ. ಇಂದು ಅವಶೇಷಗಳ ಪಕ್ಕದಲ್ಲಿಯೇ ವಾಸಿಸುವ ಮೀನುಗಾರರ ಮನೆಗಳು ಹಾಗೆಯೇ ಇವೆ. ಯುನೆಸ್ಕೊ 1981ರಲ್ಲಿ ಈ ದ್ವೀಪವನ್ನೂ ಸೊಂಗೊ ಮ್ನಾರಾವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಡಲ ಕೊರೆತದಿಂದ ಗೋಡೆಗಳು ಬೀಳುತ್ತಿದ್ದುದರಿಂದ 2004ರಿಂದ 2014ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಗೋಡೆ ಹತ್ತಬೇಡಿ, ಪಿಂಗಾಣಿಯ ಚೂರುಗಳನ್ನು ಹೆಕ್ಕಬೇಡಿ. ಕಾಲ ಬಳಿಯಲ್ಲೇ ಬಿದ್ದಿರುತ್ತವೆ, ಆಸೆಯಾಗುತ್ತದೆ.

ಸೊಂಗೊ ಮ್ನಾರಾ ದ್ವೀಪ ಇನ್ನೂ ದಕ್ಷಿಣಕ್ಕಿದೆ, ಮೋಟಾರು ದೋಣಿಯೇ ಬೇಕು. ಅಲ್ಲಿಯ ಮನೆಗಳ ವಿನ್ಯಾಸ ಕಿಸಿವಾನಿಗಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಉಬ್ಬರದ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಕಾಂಡ್ಲಾದ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ನಡೆಯಬೇಕಾಗುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಭಾವನವರು ದೋಣಿಯಲ್ಲಿಯೇ ಉಳಿದರು, ನಾನು ಅರ್ಧ ತಾಸಿನಲ್ಲಿ ನೋಡಿ ಬಂದೆ.

ಬಹಳ ಜನ ದ್ವೀಪ ನೋಡಿದ ಮರುದಿನವೇ ದಾರ್‌ಗೆ ಮರಳುತ್ತಾರೆ. ಹಾಗೆ ಮಾಡಬೇಡಿರೆಂದು ಹೇಳುವುದಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ದ್ವೀಪದಲ್ಲಿ ಕಾಣುವುದು ಅರಸರ ಮತ್ತು ವರ್ತಕರ ಕಿಲ್ವಾ. ಈ ಜಿಲ್ಲೆಯ ಜನರ ಕಥೆ ಕಿವಿಂಜೆಯಲ್ಲಿಯೂ ಮಟುಂಬಿ ಬೆಟ್ಟಗಳಲ್ಲಿಯೂ ಇದೆ.

ಕಿವಿಂಜೆ ಮಸೋಕೊದಿಂದ ಬಜಾಜಿಯಲ್ಲಿಯೋ ಸಣ್ಣ ಬಸ್ಸಿನಲ್ಲಿಯೋ ಒಂದು ತಾಸಿನ ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜಂಜಿಬಾರಿನ ಒಮಾನಿ ಸುಲ್ತಾನರ ಆಳ್ವಿಕೆಯಲ್ಲಿ ದ್ವೀಪದ ವ್ಯಾಪಾರವೆಲ್ಲ ಇಲ್ಲಿಗೆ ಸರಿದಿತ್ತು. ವ್ಯಾಪಾರದ ಮುಖ್ಯ ಸರಕು ಮನುಷ್ಯರು. 1776ರಲ್ಲಿಯೇ ಫ್ರೆಂಚ್ ವರ್ತಕ ಮೊರಿಸ್ ವರ್ಷಕ್ಕೆ ಸಾವಿರ ಗುಲಾಮರನ್ನು ಕೊಡುವ ಒಪ್ಪಂದವನ್ನು ಕಿಲ್ವಾದ ಸುಲ್ತಾನನೊಂದಿಗೆ ಮಾಡಿಕೊಂಡಿದ್ದ; 1860ರ ದಶಕದ ಹೊತ್ತಿಗೆ ಕಿವಿಂಜೆಯಿಂದ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನ ಜನರನ್ನು ಹಡಗು ಹತ್ತಿಸಲಾಗುತ್ತಿತ್ತು. ನ್ಯಾಸಾ ಸರೋವರದ ಕಡೆಯಿಂದ ಯಾವೊ ಜನಾಂಗದ ವರ್ತಕರ ತಂಡಗಳು ಅವರನ್ನು ವಾರಗಟ್ಟಲೆ ನಡೆಸಿಕೊಂಡು ತರುತ್ತಿದ್ದವು. 1873ರಲ್ಲಿ ಕಡಲ ಮೇಲಿನ ಗುಲಾಮ ಸಾಗಣೆಗೆ ನಿಷೇಧ ಬಂದಾಗ, ಅದೇ ಜನರನ್ನು ಕರಾವಳಿಯುದ್ದಕ್ಕೂ ನಡೆಸಿ ಉತ್ತರಕ್ಕೆ ಒಯ್ಯತೊಡಗಿದರು. ಈ ವ್ಯಾಪಾರದಲ್ಲಿ ಭಾರತೀಯರ ಕೈಯೂ ಇತ್ತೆಂಬುದನ್ನು ಮುಚ್ಚಿಡುವುದು ಸರಿಯಲ್ಲ: ಜಂಜಿಬಾರಿನ ಸುಂಕದ ಗುತ್ತಿಗೆ ಕಚ್ಛ್ ಮೂಲದ ಭಾಟಿಯಾ ವರ್ತಕ ಮನೆತನವೊಂದರಲ್ಲಿತ್ತು, ಒಳನಾಡಿಗೆ ಹೋಗುವ ತಂಡಗಳಿಗೆ ಬಟ್ಟೆಯನ್ನು ಸಾಲವಾಗಿ ಕೊಡುತ್ತಿದ್ದವರಲ್ಲಿ ಭಾರತೀಯ ಅಂಗಡಿಕಾರರಿದ್ದರು. ಮುಖ್ಯ ಬೀದಿಯಲ್ಲಿ ಕೆತ್ತನೆಯ ಬಾಗಿಲುಗಳುಳ್ಳ, ಮಾಳಿಗೆ ಕುಸಿದ ಅವರ ಮನೆಗಳನ್ನು ನೋಡುವಾಗ ಇದೂ ನೆನಪಿರಲಿ.

ಕಡಲೆದುರಿನಲ್ಲಿ ಜರ್ಮನರ ಕಾಲದ ಕಚೇರಿ, ‘ಬೋಮಾ’, ಪಾಳುಬಿದ್ದು ನಿಂತಿದೆ. ಜರ್ಮನರ ವಿರುದ್ಧ ಎದ್ದ ಹಸನ್ ಬಿನ್ ಒಮಾರಿ ಮಕುಂಗಾನ್ಯಾನನ್ನು 1895ರಲ್ಲಿ ಇಲ್ಲಿ ಗಲ್ಲಿಗೇರಿಸಿದರು. ನೇಣು ಹಾಕಿದ ಮಾವಿನ ಮರದ ಜಾಗವನ್ನು ‘ಮ್ವೆಂಬೆ ಕಿನ್ಯೊಂಗಾ’, ಎಂದರೆ ನೇಣಿನ ಮಾವು, ಎಂದೇ ಕರೆಯುತ್ತಾರೆ. ಊರಿನ ಯಾವ ಮಗುವನ್ನು ಕೇಳಿದರೂ ದಾರಿ ತೋರಿಸುತ್ತದೆ. ಹಿರಿಯರು ಎದುರಾದರೆ ಮೊದಲು ‘ಶಿಕಮೋ’ ಎನ್ನಿ. ಅವರು ‘ಮರಹಬಾ’ ಎಂದ ಮೇಲೆ ಮಾತು ಮುಂದುವರಿಸಿ. ಈ ಒಂದು ಶಬ್ದದಿಂದ ನಮಗೆ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಮಟುಂಬಿ ಬೆಟ್ಟಗಳಿಗೆ ಸ್ವಂತ ಅಥವಾ ಬಾಡಿಗೆಯ ಎತ್ತರದ ಗಾಡಿ ಬೇಕು, ಒಂದು ಇಡೀ ದಿನ ಬೇಕು. ಹೆದ್ದಾರಿಯಿಂದ ಕಿಪಾಟಿಮು ಕಡೆಗೆ ತಿರುಗಿದ ಮೇಲೆ ಕೆಂಪು ಮಣ್ಣಿನ ಏರುದಾರಿ. ಮಳೆ ಬಿದ್ದಿದ್ದರೆ ಆ ಆಸೆಯನ್ನು ಬಿಡಬೇಕು. 1905ರ ಜುಲೈ ತಿಂಗಳಲ್ಲಿ ಈ ಬೆಟ್ಟದ ನಂದೆತೆ ಎಂಬ ಊರಿನವರು ಜರ್ಮನರು ಬಲವಂತವಾಗಿ ಬೆಳೆಸುತ್ತಿದ್ದ ಹತ್ತಿಯ ಗಿಡಗಳನ್ನು ಕಿತ್ತೆಸೆದರು. ಮಾಜಿ ಮಾಜಿ ದಂಗೆ ಹೊತ್ತಿಕೊಂಡದ್ದು ಹಾಗೆ. ‘ಮಾಜಿ’ ಎಂದರೆ ನೀರು. ಎನ್‌ಗರಂಬೆಯ ಕಿಂಜಿಕಿಟಿಲೆ ಎನ್‌ಗ್ವಾಲೆ ಎಂಬಾತ ಮಂತ್ರಿಸಿ ಕೊಟ್ಟ ನೀರನ್ನು ಹಚ್ಚಿಕೊಂಡರೆ ಜರ್ಮನರ ಗುಂಡು ನೀರಾಗುತ್ತದೆಂದು ಜನ ನಂಬಿದರು. ಆತನನ್ನು ಆಗಸ್ಟ್ ಮೊದಲ ವಾರದಲ್ಲಿಯೇ ಮೊಹೊರೊದಲ್ಲಿ ಗಲ್ಲಿಗೇರಿಸಿದರೂ ದಂಗೆ 1907ರವರೆಗೆ ದಕ್ಷಿಣದ ಉದ್ದಗಲಕ್ಕೂ ಹಬ್ಬಿತು. ಅದನ್ನು ಅಡಗಿಸಲು ಜರ್ಮನರು ಊರು, ಹೊಲ, ಕಣಜಗಳನ್ನು ಸುಟ್ಟರು; ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಹಸಿವಿನಿಂದ. ಜರ್ಮನರೇ ಒಪ್ಪಿಕೊಂಡ ಲೆಕ್ಕ 75,000. ಇತಿಹಾಸಕಾರರ ಅಂದಾಜು ಮೂರು ಲಕ್ಷದವರೆಗೂ ಹೋಗುತ್ತದೆ. ಜಿಲ್ಲೆಯ ಒಳನಾಡು ಇಂದಿಗೂ ಇಷ್ಟು ಬರಿದಾಗಿರುವುದಕ್ಕೆ ಗುಲಾಮ ವ್ಯಾಪಾರ ಮತ್ತು ಈ ಬರ ಎರಡೂ ಕಾರಣವೆಂಬುದನ್ನು ಮರೆತು ಜನಸಂಖ್ಯೆಯ ಅಂಕಿಯನ್ನು ಓದಲಾಗದು. ನಂದೆತೆಯಲ್ಲಿ ಸ್ಮಾರಕವಿದೆ. ಸಮೀಪದ ನಂಗೊಮಾ ಗುಹೆ ಬಹಳ ದೊಡ್ಡದು. ದಂಗೆಯ ಕಾಲದಲ್ಲಿ ಜನ ಅಡಗಿದ್ದ ಜಾಗವೆಂದು ಊರವರು ಹೇಳುತ್ತಾರೆ. ಊರಿನ ಅಧ್ಯಕ್ಷರನ್ನು ಮೊದಲು ಕಂಡು, ಅವರು ಕಳುಹಿಸಿದವರ ಜೊತೆಯಲ್ಲಿಯೇ ಒಳಗೆ ಹೋಗಬೇಕು, ಎರಡು ಟಾರ್ಚು ಇರಬೇಕು.

ಕಾಡಿನಲ್ಲಿ ‘ಎಂಪಿಂಗೊ’ ಮರವನ್ನು ತೋರಿಸಿಕೊಳ್ಳಿ. ನಮ್ಮ ಬೀಟೆಯ ಕುಲದ್ದೇ ಆದ, ಕರಿಯ ತಿರುಳಿನ, ಕ್ಲಾರಿನೆಟ್ ಮಾಡಲು ಜಗತ್ತೆಲ್ಲ ಹುಡುಕುವ ಮರ ಅದು. ಸೊಟ್ಟಗೆ, ಮುಳ್ಳುಮುಳ್ಳಾಗಿ ಬೆಳೆಯುವ ಅದನ್ನು ಕಂಡರೆ ಯಾರಿಗೂ ಬೆಲೆಬಾಳುವ ಮರವೆನಿಸದು. ಈ ಜಿಲ್ಲೆಯ ಕೆಲವು ಹಳ್ಳಿಗಳು ತಮ್ಮ ಕಾಡನ್ನು ತಾವೇ ಕಾಯ್ದು ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದು ಮರ ಮಾರುತ್ತಿವೆ. 2009ರಲ್ಲಿ ಅದನ್ನು ಮೊದಲು ಮಾಡಿದ ಊರುಗಳಲ್ಲಿ ಕಿಕೋಲೆ ಒಂದು. ಕಡಲೊಳಗಿನ ಸೊಂಗೊ ಸೊಂಗೊ ದ್ವೀಪದಲ್ಲಿ 1974ರಲ್ಲಿ ಸಿಕ್ಕ ನೈಸರ್ಗಿಕ ಅನಿಲ 2004ರಿಂದ ಕೊಳವೆಯ ಮೂಲಕ ದಾರ್‌ಗೆ ಹೋಗಿ ಅಲ್ಲಿ ವಿದ್ಯುತ್ತಾಗುತ್ತಿದೆ. ಕಿವಿಂಜೆಯ ಚಹಾ ಅಂಗಡಿಯಲ್ಲಿ ಕುಳಿತಾಗ ಕರೆಂಟು ಹೋಯಿತು; ‘ನಮ್ಮ ಗ್ಯಾಸು, ನಿಮ್ಮ ದೀಪ’ ಎಂದು ಅಂಗಡಿಯಾಕೆ ನನ್ನನ್ನು ನೋಡಿ ಹೇಳಿದಳು.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಬೇಡ. ‘ಸಿಲಿ ನ್ಯಾಮಾ ವಲಾ ಸಮಾಕಿ’ (ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ) ಎಂದು ಹೇಳಿದರೆ ತೆ‌ಂಗಿನಹಾಲಿನ ಅನ್ನ, ಹುರುಳಿಕಾಯಿ ಬೀಜದಂಥ ‘ಮಹರಾಗೆ’ ಕಾಳಿನ ಸಾರು, ಹರಿವೆಸೊಪ್ಪಿನ ಪಲ್ಯ ಸಿಗುತ್ತವೆ. ಮೆಕ್ಕೆಜೋಳದ ಹಿಟ್ಟಿನ ‘ಉಗಾಲಿ’, ಮುದ್ದೆ ತಿಂದು ಬೆಳೆದವರಿಗೆ ಹೊಸದಲ್ಲ, ಆದರೆ ರಾಗಿಯ ಪರಿಮಳವನ್ನು ಅದರಲ್ಲಿ ಹುಡುಕಬಾರದು. ಬೆಳಗ್ಗೆ ಬೀದಿಬದಿಯಲ್ಲಿ ಗುಳಿಗಳುಳ್ಳ ಬಾಣಲೆಯಲ್ಲಿ ಅಕ್ಕಿ, ತೆಂಗಿನಹಾಲು, ಸಕ್ಕರೆಯ ಹಿಟ್ಟು ಹೊಯ್ದು ಮಾಡುವ ‘ವಿಟುಂಬುವಾ’ ನಮ್ಮ ಸಿಹಿ ಗುಳಿಯಪ್ಪವೇ. ಭಾವನವರು ಮೂರು ಬೆಳಗೂ ಅದನ್ನೇ ತಿಂದರು. ಮೀನು ತಿನ್ನುವವರು ‘ಪ್ವೇಝಾ’, ಅಂದರೆ ಎಂಟು ಕಾಲಿನ ಆಕ್ಟೋಪಸ್ಸನ್ನು, ಬಿಡಬಾರದೆಂದು ಕೇಳಿದ್ದೇನೆ.

ಇನ್ನು ಸಣ್ಣ ಮಾತುಗಳು. ಭಾರತೀಯರು ವೀಸಾಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಹಳದಿ ಜ್ವರದ ಲಸಿಕೆಯ ನಿಯಮಗಳು ಬದಲಾಗುತ್ತಿರುವುದರಿಂದ ಹೋಗುವಾಗಿನದನ್ನೂ ಭಾರತಕ್ಕೆ ಮರಳುವಾಗಿನದನ್ನೂ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. ನಮ್ಮವರು ಚಟ್ನಿಪುಡಿ, ಚಕ್ಕುಲಿಗಳನ್ನು ಕಟ್ಟಿ ತರುವ ಕೈಚೀಲಗಳನ್ನು ವಿಮಾನ ನಿಲ್ದಾಣದಲ್ಲಿಯೇ ತೆಗೆಸುವುದುಂಟು, ಬಟ್ಟೆಯ ಚೀಲ ತನ್ನಿ. ಹೆಂಗಸರೂ ಗಂಡಸರೂ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಹಾಕಿಕೊಂಡರೆ ಊರಿನವರಿಗೂ ಸಂಕೋಚವಾಗದು, ಬಿಸಿಲೂ ತಾಗದು. ಮಸೋಕೊದ ಎಟಿಎಮ್ಮನ್ನು ನಂಬಿ ಬರಿಗೈಯಲ್ಲಿ ಹೋಗಬೇಡಿ. ದೋಣಿ, ಬಜಾಜಿ, ಮಾರ್ಗದರ್ಶಕರಿಗೆಲ್ಲ ನಗದೇ ಬೇಕು, ಅದೂ ಸಣ್ಣ ನೋಟುಗಳಲ್ಲಿ.

ಮರಳುವಾಗ ಗೇರುಬೀಜ ಕೊಳ್ಳಿ. ಬ್ರೆಜಿಲ್ಲಿನಿಂದ ಪೋರ್ಚುಗೀಸರು ತಂದು ಎರಡೂ ದಡಗಳಲ್ಲಿ ಬಿತ್ತಿದ ಗಿಡ ಇದು. ಟಾಂಜಾನಿಯಾದ ದಕ್ಷಿಣದ ಜಿಲ್ಲೆಗಳಲ್ಲಿ ಬೆಳೆದ ಹಸಿ ಗೇರುಬೀಜದ ದೊಡ್ಡ ಪಾಲು ಸಿಪ್ಪೆ ತೆಗೆಯಲು ಭಾರತಕ್ಕೇ ಹೋಗುತ್ತದೆ. ಮಂಗಳೂರಿನ ಕಾರ್ಖಾನೆಗಳಲ್ಲಿ ಒಡೆಯುವ ಬೀಜದಲ್ಲಿ ಆಫ್ರಿಕಾದ್ದು ಎಷ್ಟಿದೆಯೆಂದು ಅಲ್ಲಿನವರಿಗೆ ಗೊತ್ತು. ಹೆದ್ದಾರಿಯ ಬದಿಯಲ್ಲಿ ಹೆಂಗಸರು ಮನೆಯಲ್ಲಿಯೇ ಸುಟ್ಟು ಒಡೆದು ಮಾರುವ ಬೀಜ ಅರೆಕಪ್ಪಾಗಿ, ಮುರುಕಾಗಿ ಇರುತ್ತದೆ, ರುಚಿ ಮಾತ್ರ ನಮ್ಮ ಅಜ್ಜಿಮನೆಯದ್ದು. ಬಸ್ಸು ನಂಗುರುಕುರುವಿನಲ್ಲಿ ನಿಂತಾಗ ಕಿಟಕಿಯಿಂದಲೇ ಕೊಳ್ಳಬಹುದು. ಚೌಕಾಸಿ ಮಾಡುವಷ್ಟರಲ್ಲಿ ಬಸ್ಸು ಹೊರಟುಬಿಡುವುದರಿಂದ ಹಣವನ್ನು ಮೊದಲೇ ಕೈಯಲ್ಲಿ ಹಿಡಿದಿರಬೇಕು.